ಸರಾಸರಿ ಮಳೆ ಅನ್ನೋ ಸಮಾಧಾನ

ನಿನ್ನೆ ಒಂದು ಮೆಕ್ಕೆಜೋಳದ ತೆನೆ ಸುಲಿದೆ. ಹೊರಗಿನಿಂದ ಚೆನ್ನಾಗಿ ತುಂಬಿಕೊಂಡ ಹಾಗೆ ಕಾಣುತ್ತಿತ್ತು. ಸಿಪ್ಪೆ ತೆಗೆದರೆ ಬುಡದಲ್ಲಿ ಮಾತ್ರ ಕಾಳು ಒತ್ತೊತ್ತಾಗಿ ಕೂತಿದ್ದವು. ನಡುವೆ ಅಲ್ಲೊಂದು ಇಲ್ಲೊಂದು. ತುದಿಯಲ್ಲಿ ಬರೀ ದಿಂಡು. ಗೊಬ್ಬರಕ್ಕೆ ಕೊರತೆ ಇರಲಿಲ್ಲ. ಹಂಗಾಮಿನ ಒಟ್ಟು ಮಳೆಯೂ ಕಡಿಮೆ ಇರಲಿಲ್ಲ. ಮಳೆ ಕೈಕೊಟ್ಟಿದ್ದು ಹೂ ಬಿಡುವ ಆ ಹತ್ತು ಹನ್ನೆರಡು ದಿನ.

ತೆನೆಯ ತುದಿಯಲ್ಲಿ ಜೋತುಬೀಳುವ ಕೂದಲು ಇದೆಯಲ್ಲ, ಅದರ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿನದು. ಸೂಲಂಗಿಯಿಂದ, ಅಂದರೆ ಗಿಡದ ನೆತ್ತಿಯಲ್ಲಿ ಬರುವ ಗಂಡು ಹೂಗೊಂಚಲಿನಿಂದ, ಪರಾಗ ಉದುರಿ ಆ ಎಳೆಯ ಮೇಲೆ ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ. ನೆಲದಲ್ಲಿ ತೇವ ಇಲ್ಲದಾಗ ಸೂಲಂಗಿ ಹೇಗೋ ಬಂದುಬಿಡುತ್ತದೆ, ಕೂದಲು ತಡವಾಗುತ್ತದೆ. ಒಂದು ಗಿಡ ಪರಾಗ ಉದುರಿಸುವುದೇ ಸುಮಾರು ಒಂದು ವಾರ. ಬುಡದ ಕಾಳುಗಳ ಎಳೆ ಮೊದಲು ಹೊರಗೆ ಬರುತ್ತದೆ, ತುದಿಯದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಪರಾಗ ಖಾಲಿ. ಆಮೇಲೆ ಎಷ್ಟು ಮಳೆ ಸುರಿದರೂ ಆ ಜಾಗ ತುಂಬೋದಿಲ್ಲ.

ಅದಕ್ಕೇ "ಈ ಸಲ ಮಳೆ ಸರಾಸರಿಯಷ್ಟು ಆಗಿದೆ, ಚಿಂತೆ ಇಲ್ಲ" ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಒಂದು ತಿಂಗಳ ಮಳೆ ಎರಡೇ ದಿನದಲ್ಲಿ ಸುರಿದರೂ ಲೆಕ್ಕ ಅಷ್ಟೇ ತಾನೇ? ಆ ಎರಡು ದಿನ ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಮಿಕ್ಕ ದಿನ ನೆಲ ಬಿರಿಯುತ್ತದೆ. ಕಾಗದದ ಮೇಲೆ ಮಾತ್ರ ಎಲ್ಲ ಸರಿ ಇರುತ್ತದೆ.

ಬಿಸಿಲಿನದ್ದೂ ಇದೇ ಕಥೆ. ಭತ್ತದ ಹೂವು ಸಾಮಾನ್ಯವಾಗಿ ಬೆಳಗಿನ ಹೊತ್ತು ಅರಳಿ, ಒಂದೆರಡು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಲಸಕ್ಕೆ ಬರೋದಿಲ್ಲ, ಜೊಳ್ಳು ಜಾಸ್ತಿಯಾಗುತ್ತದೆ. ಗದ್ದೆ ದೂರದಿಂದ ಹಸಿರಾಗಿಯೇ ಇರುತ್ತದೆ. ಒಂದು ಕಾಳನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರೆ ಗೊತ್ತಾಗುತ್ತದೆ, ಒಳಗೆ ಏನೂ ಇಲ್ಲ.

ರಾತ್ರಿಯ ಸೆಕೆ ಬಗ್ಗೆ ಮಾತಾಡುವವರು ಇನ್ನೂ ಕಡಿಮೆ. ಗಿಡ ಹಗಲೆಲ್ಲ ಮಾಡಿಟ್ಟ ಸಕ್ಕರೆಯನ್ನು ರಾತ್ರಿ ಉಸಿರಾಡುತ್ತಾ ಖರ್ಚು ಮಾಡುತ್ತದೆ. ರಾತ್ರಿ ತಣ್ಣಗಾಗದಿದ್ದರೆ ಆ ಖರ್ಚು ಏರುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದಾಗ ಇಳುವರಿ ಸುಮಾರು 10% ಇಳಿದಿತ್ತು. ಒಂದೇ ಒಂದು ಡಿಗ್ರಿ! ನಮ್ಮ ಮೈಗೆ ಅದು ಗೊತ್ತೂ ಆಗೋದಿಲ್ಲ.

2022ರ ಮಾರ್ಚ್ ನೆನಪಿದೆಯಾ? 1901ರಿಂದ ಇಟ್ಟ ದಾಖಲೆಯಲ್ಲೇ ಭಾರತದ ಅತಿ ಬಿಸಿ ಮಾರ್ಚ್ ಅದು. ಉತ್ತರದ ಗೋಧಿ ಆಗ ಕಾಳು ತುಂಬಿಕೊಳ್ಳುತ್ತಿತ್ತು. ಸೆಕೆಗೆ ಗಿಡ ಬೇಗ ಮಾಗಿತು, ಕಾಳು ಸುಕ್ಕಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಒಂದು ತಿಂಗಳು ಹದ ತಪ್ಪಿದ್ದಕ್ಕೆ ಇಷ್ಟೆಲ್ಲ ಆಯಿತು.

ಇಳುವರಿ ಬಿದ್ದಾಗ ಮೊದಲ ಬೈಗುಳ ರೈತನಿಗೇ. ಬೀಜ ಸರಿಯಾಗಿ ಆರಿಸಲಿಲ್ಲ, ನೋಡಿಕೊಳ್ಳಲಿಲ್ಲ ಅಂತ. ಇದು ಅನ್ಯಾಯ. ಪ್ರಪಂಚದಾದ್ಯಂತ ವರ್ಷದಿಂದ ವರ್ಷಕ್ಕೆ ಆಗುವ ಇಳುವರಿಯ ಏರಿಳಿತದಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಹವಾಮಾನದ ಏರಿಳಿತವೇ ಕಾರಣ ಅಂತ 2015ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಬೆಳೆನಷ್ಟ ಲೆಕ್ಕ ಹಾಕುವವರು ಒಟ್ಟು ಮಳೆಯ ಜೊತೆಗೆ ಹೂವಿನ ವಾರದಲ್ಲಿ ಏನಾಯಿತು ಅಂತಲೂ ನೋಡಬೇಕು. ಬಿತ್ತನೆಯನ್ನು ಒಂದೇ ದಿನ ಮುಗಿಸದೆ ಹತ್ತು ದಿನದ ಅಂತರದಲ್ಲಿ ಎರಡು ಕಂತು ಮಾಡಿದರೆ, ಎಲ್ಲ ಗಿಡವೂ ಒಂದೇ ಒಣವಾರಕ್ಕೆ ಸಿಕ್ಕಿಬೀಳೋದಿಲ್ಲ. ಭತ್ತದಲ್ಲಂತೂ ವಿಜ್ಞಾನಿಗಳು ಒಂದು ಕಾಡುಭತ್ತದ ಗುಣವನ್ನು ಹೊಲದಲ್ಲಿ ಬೆಳೆಯುವ ತಳಿಗೆ ತಂದಿದ್ದಾರೆ. ಆ ಗಿಡ ಬಿಸಿಲೇರುವ ಮುಂಚೆಯೇ, ಬೆಳಗಿನ ತಂಪಲ್ಲೇ ಹೂ ಅರಳಿಸಿ ಮುಚ್ಚಿಕೊಳ್ಳುತ್ತದೆ.