ಸಂತ್ರಸ್ತರ ವಕೀಲರಿಗೆ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕು ಬೇಕೇ?

ಪರ

ಕೊಲೆಯಾದವನ ತಾಯಿ ತನ್ನ ಪರ ವಕೀಲರನ್ನು ನೇಮಿಸಿಕೊಳ್ಳಬಹುದು. ಆದರೆ ಆ ವಕೀಲರು ಸಾಕ್ಷಿಗೆ ಒಂದು ಪ್ರಶ್ನೆಯನ್ನೂ ನೇರವಾಗಿ ಕೇಳುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 338ನೇ ಕಲಂ ಪ್ರಕಾರ ಅವರು ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರು, ಹೇಳಿದಂತೆ ನಡೆಯಬೇಕು. ಸಾಕ್ಷ್ಯ ಮುಗಿದ ಮೇಲೆ, ನ್ಯಾಯಾಲಯ ಒಪ್ಪಿದರೆ, ಲಿಖಿತ ವಾದ ಸಲ್ಲಿಸಬಹುದು. 2019ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾನೂನಾದ ದಂಡ ಪ್ರಕ್ರಿಯಾ ಸಂಹಿತೆಯಡಿ ಹೇಳಿದ್ದೂ ಇದನ್ನೇ.

ಇದರಿಂದ ಕೆಡುವುದೇನು ನೋಡಿ. ಪ್ರತ್ಯಕ್ಷ ಸಾಕ್ಷಿ ಕಟಕಟೆಯಲ್ಲಿ ಉಲ್ಟಾ ಹೊಡೆದ ಅನ್ನಿ. ಅಭಿಯೋಜಕರು ಅನುಮತಿ ಪಡೆದು ಅವನನ್ನು ಪಾಟೀ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಂಥ ಪ್ರಶ್ನೆಗಳಿಗೆ, ಒಳಪಡಿಸಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯ ಆಯಾ ಸಾಲನ್ನೇ ಓದಿ ಹೇಳಿ, ಅವನು ಅಲ್ಲಗಳೆದ ಭಾಗವನ್ನು ನಿ.ಪಿ. ಸಂಖ್ಯೆ (ಅಭಿಯೋಜನೆಯ ದಾಖಲೆಗೆ ಕೋರ್ಟಿನಲ್ಲಿ ಕೊಡುವ ಗುರುತು) ಕೊಟ್ಟು ಗುರುತಿಸಬೇಕು. ಮುಂದೆ ತನಿಖಾಧಿಕಾರಿ ಸಾಕ್ಷ್ಯ ಹೇಳಲು ಬಂದ ದಿನ, "ಈತ ನಿಮ್ಮ ಮುಂದೆ ಹೀಗೆ ಹೇಳಿದ್ದನೇ?" ಎಂದು ಕೇಳಿ ಅದನ್ನು ಸಾಬೀತುಪಡಿಸಬೇಕು. ಈ ಎರಡನೇ ಹೆಜ್ಜೆ ತಪ್ಪಿದರೆ ಮೊದಲಿನದೂ ನೀರಿನಲ್ಲಿ ಹೋಮ. ಕಡತಗಳ ರಾಶಿ ಹೊತ್ತ ಅಭಿಯೋಜಕರಿಂದ, ಅದರಲ್ಲೂ ನಡುವೆ ವರ್ಗಾವಣೆಯಾಗಿ ಹೊಸಬರು ಬಂದಾಗ, ಕೈತಪ್ಪುವುದು ಇಂಥದ್ದೇ. ಆ ಒಂದೇ ಕಡತವನ್ನು ಮೊದಲಿನಿಂದ ಬಲ್ಲ ವಕೀಲರು ಪಕ್ಕದಲ್ಲೇ ಚೀಟಿ ಹಿಡಿದು ಕೂತಿರುತ್ತಾರೆ. ಆ ಚೀಟಿ ಓದುವುದೂ ಬಿಡುವುದೂ ಅಭಿಯೋಜಕರ ಇಷ್ಟ.

ನಾವು ಕೇಳುತ್ತಿರುವುದು ಬಹಳ ಅಲ್ಲ. ಅಭಿಯೋಜಕರ ಸರದಿ ಮುಗಿದ ಮೇಲೆ, ಅವರು ಬಿಟ್ಟ ಅಂಶಕ್ಕಷ್ಟೇ, ನ್ಯಾಯಾಧೀಶರ ಅನುಮತಿಯಿಂದ ಪ್ರಶ್ನೆ. ಖುಲಾಸೆಯ ವಿರುದ್ಧ ಸಂತ್ರಸ್ತರು ಮೇಲ್ಮನವಿ ಹಾಕಲು ವಿಶೇಷ ಅನುಮತಿ ಬೇಡ ಎಂದು 2018ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಹಕ್ಕು ಅದು. ಆದರೆ ಕೆಳಗಿನ ಕೋರ್ಟಿನಲ್ಲಿ ದಾಖಲಾಗದೇ ಹೋದ ಉತ್ತರವನ್ನು ಮೇಲ್ಮನವಿಯಲ್ಲಿ ಎಲ್ಲಿಂದ ತರುವುದು?

ವಿರೋಧ

ಹೆಚ್ಚುವರಿ ಪ್ರಶ್ನೆ ಸಂತ್ರಸ್ತರಿಗೇ ಮುಳುವಾಗಬಹುದು. ಪೊಲೀಸರ ಮುಂದಿನ ಹೇಳಿಕೆಯಲ್ಲಿ "ಮಚ್ಚು ಹಿಡಿದಿದ್ದ" ಎಂದಷ್ಟೇ ಇದೆ. ಅಭಿಯೋಜಕರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಆಮೇಲೆ ಇನ್ನೊಬ್ಬ ವಕೀಲರು ಕೆದಕಿ, "ಕೊಲ್ಲುತ್ತೇನೆ ಎಂದು ಕೂಗಿದ" ಎಂದೂ ಹೇಳಿಸುತ್ತಾರೆ. ಆರೋಪಿ ಪರ ವಕೀಲರು ಕೂಡಲೇ ಎದ್ದು, ಈ ಮಾತು ಹೇಳಿಕೆಯಲ್ಲಿಲ್ಲ, ಆಮೇಲೆ ಸೇರಿಸಿದ್ದು ಎಂದು ತೋರಿಸುತ್ತಾರೆ. ಸಾಕ್ಷಿಯ ಉಳಿದ ಮಾತಿನ ಮೇಲೂ ಅನುಮಾನ ಬೀಳುತ್ತದೆ. ಅಭಿಯೋಜಕರು ಕೇಳದೆ ಬಿಟ್ಟದ್ದೆಲ್ಲ ಮರೆವಲ್ಲ.

ಹಳ್ಳಿ ಹೊಡೆದಾಟಗಳಲ್ಲಿ ದೂರು, ಪ್ರತಿದೂರು ಎರಡೂ ಇರುತ್ತವೆ. ಒಂದರಲ್ಲಿ ಗಾಯಾಳು, ಇನ್ನೊಂದರಲ್ಲಿ ಅವನೇ ಆರೋಪಿ. ಅವನ ವಕೀಲರು ಕೇಳುವ ಪ್ರಶ್ನೆ ಯಾವ ಕೇಸಿಗಾಗಿ? ಅಭಿಯೋಜಕರು ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನೂ ಮುಚ್ಚಿಡುವಂತಿಲ್ಲ. ಫೀಸು ಪಡೆದು ಒಂದು ಕಡೆ ನಿಂತ ವಕೀಲರಿಂದ ಅದನ್ನು ನಿರೀಕ್ಷಿಸಲಾಗದು.

ಚೀಟಿ ಓದದ ಅಭಿಯೋಜಕರಿದ್ದಾರೆ, ನಿಜ. ಅದಕ್ಕೆ ಈಗಲೂ ದಾರಿಯಿದೆ. ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಪ್ರಕಾರ ವಕೀಲರನ್ನು ಇಟ್ಟುಕೊಂಡ ಸಂತ್ರಸ್ತರಿಗೂ ಪೊಲೀಸ್ ವರದಿಯ ಪ್ರತಿ ಸಿಗುತ್ತದೆ. ಅದನ್ನು ಓದಿ, ಸಾಕ್ಷಿ ಕಟಕಟೆ ಹತ್ತುವ ಮೊದಲೇ ಪುಟಸಂಖ್ಯೆ ಸಮೇತ ಪ್ರಶ್ನೆಗಳನ್ನು ಬರೆದು ಅಭಿಯೋಜಕರಿಗೆ ಕೊಡಿ. ಕೇಳದಿದ್ದರೆ ಅಂದೇ ನ್ಯಾಯಾಧೀಶರ ಗಮನಕ್ಕೆ ತನ್ನಿ. ಭಾರತೀಯ ಸಾಕ್ಷ್ಯ ಅಧಿನಿಯಮದ 168ನೇ ಕಲಂನಡಿ ಅವರೇ ಆ ಪ್ರಶ್ನೆ ಕೇಳಬಲ್ಲರು. ಅದಕ್ಕೆ ಸಿಕ್ಕ ಉತ್ತರದ ಮೇಲೆ ಅವರ ಅನುಮತಿಯಿಲ್ಲದೆ ಯಾವ ಕಡೆಯವರೂ ಪಾಟೀ ಸವಾಲು ಮಾಡುವಂತಿಲ್ಲ.