ಬಂದೇನವಾಜರು ಮತ್ತು ನಮ್ಮಜ್ಜನ ಹೆಂಚು

ಕಲಬುರಗಿಯ ಸೂಫಿ ಸಂತ ಖಾಜಾ ಬಂದೇನವಾಜರ ಬಗ್ಗೆ ಯಾರೇ ಮಾತಾಡಲಿ, ಪವಾಡದ ಕತೆಯಿಂದಲೇ ಶುರು ಮಾಡುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಅವರ ವಯಸ್ಸು. ದೆಹಲಿ ಬಿಟ್ಟು ಹೊರಟಾಗ ಅವರಿಗೆ 77 ವರ್ಷ. ಇದನ್ನು ಯಾರೂ ಹೇಳುವುದಿಲ್ಲ ಅಂತ ನಿಜಕ್ಕೂ ಬೇಜಾರು.

ನಾನು ಕಾರವಾರದವಳು. ನಮ್ಮ ಹಳೆ ಊರು ಸಮುದ್ರದ ದಂಡೆಯಲ್ಲೇ ಇತ್ತು. ಯೋಜನೆಗೆ ಜಾಗ ಹೋಯಿತು, ನಾವು ನಿರಾಶ್ರಿತರ ಕಾಲೊನಿಗೆ ಬಂದೆವು. ಅಜ್ಜನಿಗೆ ಆಗ ಎಪ್ಪತ್ತು ದಾಟಿತ್ತು. ಮಾಡಿನ ಹೆಂಚು ಒಂದೊಂದಾಗಿ ಇಳಿಸಿ, ಎಣಿಸಿ, ಟೆಂಪೋಕ್ಕೆ ಹಾಕಿಸಿಕೊಂಡು ಬಂದರು. ಹೊಸ ಮನೆಗೆ ಸ್ಲ್ಯಾಬು, ಹೆಂಚಿಗೆ ಕೆಲಸವೇ ಇಲ್ಲ. ಬಚ್ಚಲ ಹಿಂದೆ ಒಟ್ಟಿದರು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತಿತ್ತು. ದೀಪಾವಳಿಗೆ ಮುಂಚೆ ಅಜ್ಜ ಅಷ್ಟನ್ನೂ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ಒಟ್ಟುತ್ತಿದ್ದರು. "ಈ ವಯಸ್ಸಿಗೆ ಹೊಸ ಊರಲ್ಲಿ ನಂಗೆ ಎಂತ ಕೆಲಸ?" ಕೊನೆಯವರೆಗೂ ಅದೊಂದೇ ಮಾತು.

ಪಕ್ಕದ ಮನೆಯ ಚಾಚಾ ಕೂಡ ನಮ್ಮ ಹಾಗೇ ಜಾಗ ಬಿಟ್ಟು ಬಂದವರು. ವರ್ಷವೂ ಉರುಸಿಗೆ ಕಲಬುರಗಿಗೆ ಹೋಗುತ್ತಾರೆ. ಅಜ್ಜ ತೀರಿಕೊಂಡ ಮರುವರ್ಷ ಅವರ ಮನೆಯವರ ಜೊತೆ ನಾನೂ ಹೊರಟೆ. ಯಲ್ಲಾಪುರದ ಮೇಲೆ ಹುಬ್ಬಳ್ಳಿ, ಅಲ್ಲಿಂದ ರಾತ್ರಿ ಬಸ್ಸು. ಬಂದೇನವಾಜರ ಕತೆಯನ್ನು ಚಾಚಾ ಹೇಳಿದ್ದು ಆ ಬಸ್ಸಿನಲ್ಲಿ. ಉಳಿದದ್ದನ್ನು ಆಮೇಲೆ ಓದಿ ತಿಳಿದುಕೊಂಡೆ.

ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ಇವರಿನ್ನೂ ಸಣ್ಣ ಹುಡುಗ. ಅರಸನ ಅಪ್ಪಣೆ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಅಪ್ಪ ಅಲ್ಲೇ ತೀರಿಕೊಂಡರು. ಹುಡುಗ ದೆಹಲಿಗೆ ವಾಪಸ್ ಬಂದು ಸೂಫಿ ಗುರು ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯನಾದ. ಮುಂದೆ ತಾನೇ ಗುರುವಾಗಿ ಎಷ್ಟೋ ವರ್ಷ ಪಾಠ ಹೇಳಿದ. 1398ರಲ್ಲಿ ತೈಮೂರನ ದಂಡು ಬಂತು. ಮತ್ತೆ ಹೊರಟರು. ಗ್ವಾಲಿಯರ್, ಖಂಬಾತ್, ಅಪ್ಪನನ್ನು ಮಣ್ಣು ಮಾಡಿದ ದೌಲತಾಬಾದ್ ಸೀಮೆ ದಾಟಿ ಕಲಬುರಗಿ ಮುಟ್ಟುವಾಗ ಎಂಬತ್ತರ ಆಸುಪಾಸು. ಬಹಮನಿ ಸುಲ್ತಾನ ಫಿರೋಜ್ ಷಾ ಪ್ರೀತಿಯಿಂದಲೇ ಕರೆದಿದ್ದ. ಆದರೆ ಜನ ಜಾಸ್ತಿ ಸೇರತೊಡಗಿದ ಮೇಲೆ ಅದೇ ಸುಲ್ತಾನ, ಕೋಟೆಯಿಂದ ದೂರ ಹೋಗಿ ಅಂದ. ಅಲ್ಲಿಂದಲೂ ಎದ್ದರು.

ಮೂರನೇ ಸಲ ಅಲ್ವಾ ಇದು!

1422ರಲ್ಲಿ ಕಣ್ಣು ಮುಚ್ಚಿದರು, ನೂರು ದಾಟಿತ್ತು. ಇವತ್ತು ನಾವು ತಲೆಬಾಗುವ ದರ್ಗಾ ಇರುವುದು ಹಾಗೆ ಎಬ್ಬಿಸಿ ಕಳಿಸಿದ ಮೇಲೆ ಅವರು ನೆಲೆ ನಿಂತ ಜಾಗದಲ್ಲೇ. ಇದನ್ನು ಕೇಳಿ ನನಗೆ ಬಸ್ಸಿನಲ್ಲೇ ಅಳು ಬಂತು.

ದರ್ಗಾದ ಒಳಗೆ ನೂಕುನುಗ್ಗಲು. ಹೂವು, ಊದು, ಚಾದರ, ಫಾತೆಹಾ, ಎರಡು ನಿಮಿಷದಲ್ಲಿ ಹೊರಗೆ. ಅಂಗಳದಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ ಬಟ್ಟೆ ಗಂಟು ಬಿಚ್ಚಿ, ಕಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಉದುರಿಸಿ ನನ್ನ ಕೈಗೆ ಇಟ್ಟರು. "ಯಾವೂರವ್ವಾ?" ಅಂದರು. ಕಾಲೊನಿ ಹೆಸರು ನಾಲಿಗೆಗೆ ಬರಲೇ ಇಲ್ಲ. ನಮ್ಮ ಹಳೆ ಊರಿನ ಹೆಸರು ಹೇಳಿದೆ.

ಹರಕೆ ಹೊತ್ತು ಹೋಗುವವರನ್ನು ನಾನು ಬೇಡ ಅನ್ನುವುದಿಲ್ಲ. ಮಗಳ ಮದುವೆ, ಮಗನ ಕೆಲಸ, ಎಲ್ಲವನ್ನೂ ಕೇಳಿಕೊಳ್ಳಿ. ಆದರೆ ಕಾರಿನಲ್ಲಿ ಹೋಗಿ, ಫೋಟೋ ತೆಗೆದು, ಹತ್ತೇ ನಿಮಿಷಕ್ಕೆ ಹೊರಡುತ್ತಾರಲ್ಲ, ಅದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅಷ್ಟು ದೂರ ನಡೆದು ಬಂದವರ ಅಂಗಳದಲ್ಲಿ ಒಂದು ಗಂಟೆ ಸುಮ್ನೆ ಕೂರಬೇಕು.

ಮುಸ್ಲಿಂ ಪಂಚಾಂಗದ ಜುಲ್‌ಕಾದ ತಿಂಗಳ 15ಕ್ಕೆ ಗಂಧದ ಮೆರವಣಿಗೆ, ಮರುದಿನ ಉರುಸು. ಚಂದ್ರನ ಲೆಕ್ಕವಾದ್ದರಿಂದ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. ನಮ್ಮ ಕಡೆಯಿಂದ ಹೋಗುವವರಿದ್ದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಕಾಲುನೋವು ಅಂತ ಬಿಟ್ಟು ಹೋಗಬೇಡಿ. ಅಂಗಳದಲ್ಲಿ ಕೂರಿಸಿ, 77ನೇ ವಯಸ್ಸಿಗೆ ಹೊರಟವರ ಕತೆ ಹೇಳಿ. ನಮ್ಮಜ್ಜನಿಗೆ ಹೇಳುವುದಕ್ಕೆ ನನಗೆ ಆಗಲಿಲ್ಲ.