ಸತ್ಯಾಂಶ: ಯೆಹೂದಿ ದ್ವೇಷ ಗುಟ್ಟಾಗಿರಲಿಲ್ಲ

"ಹಿಟ್ಲರ್ ಯೆಹೂದಿಗಳಿಗೆ ಮಾಡಿದ್ದೆಲ್ಲ ಗುಟ್ಟು, ಜರ್ಮನಿಯ ಜನರಿಗೆ ಏನೂ ಗೊತ್ತಿರಲಿಲ್ಲ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸರಿಯಲ್ಲ. ಕೊಲ್ಲುವ ಶಿಬಿರಗಳ ವಿವರವನ್ನು ನಾಜಿಗಳು ಮುಚ್ಚಿಟ್ಟಿದ್ದು ನಿಜ. ಆದರೆ ದ್ವೇಷ ಮಾತ್ರ ವಾರವಾರ ಅಚ್ಚಾಗುತ್ತಿತ್ತು. ನಾಜಿ ನಾಯಕ ಯೂಲಿಯಸ್ ಸ್ಟ್ರೈಖರ್ 1923ರಲ್ಲಿ ಶುರು ಮಾಡಿದ 'ಡೆರ್ ಸ್ಟ್ಯೂರ್ಮರ್' ಎಂಬ ಯೆಹೂದಿ-ದ್ವೇಷದ ವಾರಪತ್ರಿಕೆಯನ್ನು, ನಾಜಿ ಆಡಳಿತದಲ್ಲಿ, ದುಡ್ಡು ಕೊಟ್ಟು ಕೊಳ್ಳದವರೂ ಓದಲಿ ಅಂತ ಬೀದಿಬದಿಯ ಪೆಟ್ಟಿಗೆಗಳಲ್ಲಿ ಹಾಕಿಡುತ್ತಿದ್ದರು. ಮಕ್ಕಳ ಕಣ್ಣಿಗೂ ಬೀಳುತ್ತಿತ್ತು, ಅಲ್ವಾ!

ಇಂಥ ಪತ್ರಿಕೆಗಳನ್ನು ಪುರಾವೆಯಾಗಿ ಜೋಪಾನ ಮಾಡಿದವರಲ್ಲಿ ಒಬ್ಬರು ಸ್ವತಃ ಯೆಹೂದಿ. ಆಲ್ಫ್ರೆಡ್ ವೀನರ್ 1933ರಲ್ಲಿ ಜರ್ಮನಿ ಬಿಟ್ಟು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಜಿ ಪತ್ರಿಕೆ, ಕರಪತ್ರಗಳನ್ನು ಕೂಡಿಹಾಕಿದರು. 1939ರಲ್ಲಿ ಆ ಸಂಗ್ರಹ ಲಂಡನ್ ಸೇರಿತು. ಮುಂದೆ, ಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೂ ನೆರವಾಯಿತು. ಆ ಸಂಗ್ರಹದಿಂದ ಬೆಳೆದ ವೀನರ್ ಲೈಬ್ರರಿ ಇಂದಿಗೂ ಲಂಡನ್‌ನಲ್ಲಿದೆ.